ಕಾರಿನ ಎಸಿ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ಹಾಕಿಸುವ ಮೊದಲು ಓದಿ

ಬಿಸಿಲು ಏರಿದಂತೆ ಕಾರಿನ ಎಸಿ ಬಗ್ಗೆ ಬರುವ ಪ್ರಶ್ನೆಗಳೂ ಏರಿವೆ. ಮುಕ್ಕಾಲು ಪತ್ರಗಳಲ್ಲಿ ಒಂದೇ ಮಾತು: ‘ಗ್ಯಾಸ್ ಹಾಕಿಸಿದೆ, ಆದರೂ...’ ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ಪುಟಗಳನ್ನು ಪೂರ್ತಿಯಾಗಿ ಎಸಿಗೇ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನದು ಆರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೆದ್ದಾರಿಯಲ್ಲಿ ಎಸಿ ಚೆನ್ನಾಗಿ ತಣ್ಣಗಿರುತ್ತದೆ. ಊರೊಳಗೆ ಸಿಗ್ನಲ್‌ನಲ್ಲಿ ನಿಂತರೆ ಎರಡೇ ನಿಮಿಷಕ್ಕೆ ಬೆಚ್ಚಗಿನ ಗಾಳಿ. ಗ್ಯಾರೇಜಿನವರು ಗ್ಯಾಸ್ ಕಡಿಮೆ ಎಂದು ಟಾಪ್-ಅಪ್ ಮಾಡಿದರು. ಆಮೇಲೆ ಇನ್ನೂ ಕೆಟ್ಟಿತು. — ಓದುಗರು, ಕಲಬುರಗಿ

ಉತ್ತರ: ಓಡುವಾಗ ತಣ್ಣಗೆ, ನಿಂತಾಗ ಬೆಚ್ಚಗೆ ಎಂದರೆ ಮೊದಲು ನೋಡಬೇಕಾದ್ದು ಕಂಡೆನ್ಸರ್ ಮತ್ತು ಅದರ ಫ್ಯಾನ್. ಕಾರಿನೊಳಗಿಂದ ಹೀರಿ ತಂದ ಬಿಸಿಯನ್ನು ಹೊರಗೆ ಚೆಲ್ಲುವುದು ರೇಡಿಯೇಟರ್ ಮುಂದೆ ಕೂತಿರುವ ಕಂಡೆನ್ಸರ್. ಕಾರು ಓಡುವಾಗ ಎದುರುಗಾಳಿ ಆ ಕೆಲಸ ಮಾಡಿಕೊಡುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಗ್ಯಾಸ್ ಕಡಿಮೆಯಾದಾಗಲೂ ನಿಂತಲ್ಲಿ ಕೂಲಿಂಗ್ ಇಳಿಯುವುದುಂಟು, ಅದಕ್ಕೇ ಮೆಕ್ಯಾನಿಕ್‌ಗೆ ಹಾಗೆ ಅನ್ನಿಸಿರಬಹುದು. ಆದರೆ ಗ್ಯಾಸ್ ಹಾಕಿದ ಮೇಲೆ ಇನ್ನೂ ಕೆಟ್ಟಿತು ಎಂದಿದ್ದೀರಲ್ಲ, ಅಲ್ಲೇ ಸುಳಿವಿದೆ. ಬಿಸಿ ಹೊರಹೋಗದ ಕಡೆ ಗ್ಯಾಸ್ ಹೆಚ್ಚಿಸಿದರೆ ಒತ್ತಡ ಇನ್ನೂ ಏರುತ್ತದೆ, ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಏದುಸಿರು ಬಿಡುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಬಾನೆಟ್ ತೆಗೆದು ನೋಡಿ. ಬೇಸಿಗೆಯಲ್ಲಿ ಒಂದೆರಡು ನಿಮಿಷದೊಳಗೆ ಫ್ಯಾನ್ ತಿರುಗಲೇಬೇಕು. ತಿರುಗಿದರೆ ಸಾಲದು, ಎಳೆಯಬೇಕು. ಒಂದು ಹಾಳೆಯನ್ನು ಮುಂದಿನ ಗ್ರಿಲ್‌ಗೆ ಹಿಡಿಯಿರಿ. ಅದು ಕಂಡೆನ್ಸರ್ ಕಡೆಗೆ ಗಟ್ಟಿಯಾಗಿ ಅಂಟಿಕೊಂಡರೆ ಸರಿ. ಜಾರಿ ಬಿದ್ದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಹಾಳೆ ಮುಂದಕ್ಕೆ ಹಾರಿದರೆ, ಮೋಟಾರ್ ಬದಲಿಸಿದವರು ವೈರು ತಿರುಗಾಮುರುಗಾ ಕೊಟ್ಟು ಫ್ಯಾನ್ ಉಲ್ಟಾ ತಿರುಗುತ್ತಿದೆ ಎಂದು ಅರ್ಥ. ಇದು ನೀವಂದುಕೊಂಡಷ್ಟು ಅಪರೂಪವಲ್ಲ. ಫ್ಯಾನ್ ಅಲ್ಲಾಡದಿದ್ದರೆ ಫ್ಯೂಸ್ ನೋಡಿ, ಅದೇ ಅಳತೆಯ ಹಾರ್ನ್ ರಿಲೇ ತೆಗೆದು ಫ್ಯಾನ್ ರಿಲೇ ಜಾಗದಲ್ಲಿ ಹಾಕಿ ನೋಡಿ. ಆಗಲೂ ಇಲ್ಲವೆಂದರೆ ಎಂಜಿನ್ ನಿಲ್ಲಿಸಿ, ಮೋಟಾರಿನ ಕನೆಕ್ಟರ್ ಬಿಚ್ಚಿ, ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ತಿರುಗಿದರೆ ದೋಷ ವೈರಿಂಗ್‌ನಲ್ಲಿ, ಇಲ್ಲದಿದ್ದರೆ ಮೋಟಾರಿನಲ್ಲಿ. ಎರಡು ವೇಗದ ಫ್ಯಾನ್ ಇರುವ ಕೆಲವು ಕಾರುಗಳಲ್ಲಿ ರೆಸಿಸ್ಟರ್ ಸುಟ್ಟರೆ ಕಡಿಮೆ ವೇಗ ಮಾತ್ರ ಮಾಯವಾಗುತ್ತದೆ, ಫ್ಯಾನ್ ತಡವಾಗಿ ಒಮ್ಮೆಗೇ ಜೋರಾಗಿ ಶುರುವಾಗುತ್ತದೆ.

ಫ್ಯಾನ್ ಸರಿಯಿದ್ದರೆ ಕಂಡೆನ್ಸರ್ ಕಡೆ ಬನ್ನಿ. ಮುಂಭಾಗ ಶುಭ್ರವಾಗಿ ಕಂಡರೆ ಸಮಾಧಾನಪಡಬೇಡಿ. ಧೂಳು, ಹುಳು, ಹತ್ತಿಯ ಎಳೆ ಎಲ್ಲ ಸೇರಿಕೊಳ್ಳುವುದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ. ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರಿನ ಮೇಲಿನ ಕ್ಲಾಂಪ್ ಸಡಿಲಿಸಿ, ತುಸು ಹಿಂದಕ್ಕೆ ವಾಲಿಸಿ, ಆ ಸಂದಿಯಿಂದ ಮುಂದಕ್ಕೆ ನೀರು ಬಿಡಿ. ಗಾರ್ಡನ್ ಪೈಪಿನ ಒತ್ತಡ ಸಾಕು. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಕಾರಿನ ಮೂತಿ ಎಂದಾದರೂ ಪೆಟ್ಟು ತಿಂದು ರಿಪೇರಿಯಾಗಿದ್ದರೆ ಇನ್ನೊಂದನ್ನು ನೋಡಿ: ಕಂಡೆನ್ಸರಿನ ಅಕ್ಕಪಕ್ಕ ಇರುವ ಫೋಮ್ ಅಥವಾ ರಬ್ಬರ್ ಪಟ್ಟಿಗಳನ್ನು ಬಾಡಿ ಶಾಪಿನವರು ವಾಪಸ್ ಹಾಕಿದ್ದಾರೆಯೇ? ಅವಿಲ್ಲದಿದ್ದರೆ ಫ್ಯಾನ್ ತಾನು ಹಿಂದಕ್ಕೆ ತಳ್ಳಿದ ಬಿಸಿಗಾಳಿಯನ್ನೇ ಪಕ್ಕದಿಂದ ಮತ್ತೆ ಎಳೆದುಕೊಳ್ಳುತ್ತದೆ.

ಕೊನೆಗೆ ನೀರಿನ ಪರೀಕ್ಷೆ. ಎಸಿ ಬೆಚ್ಚಗೆ ಊದುತ್ತಿರುವಾಗ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿ. ನಿಮಿಷದೊಳಗೆ ಗಾಳಿ ತಣ್ಣಗಾದರೆ ದೋಷ ಬಿಸಿ ಹೊರಹಾಕುವ ಕಡೆ ಇದೆ: ಫ್ಯಾನ್, ಕೊಳೆ ಅಥವಾ ಹೆಚ್ಚಾಗಿ ತುಂಬಿದ ಗ್ಯಾಸ್. ಏನೂ ಬದಲಾಗದಿದ್ದರೆ ಒತ್ತಡ ಅಳೆಯುವ ಗೇಜ್ ಹಾಕಿಸುವ ಸಮಯ.

ಗೇಜ್ ಹಾಕಿದಾಗ ಎರಡೂ ಮುಳ್ಳುಗಳನ್ನು ನೀವೇ ನೋಡಿ. ಎಂಜಿನ್ ನಿಂತಿರುವಾಗ ಓದುವ ಒತ್ತಡದಿಂದ ಗ್ಯಾಸ್ ಎಷ್ಟಿದೆ ಎಂದು ಹೇಳಲಾಗದು. ಒಳಗೆ ದ್ರವ ರೂಪದಲ್ಲಿ ಒಂದಿಷ್ಟು ಉಳಿದಿದ್ದರೂ 30 ಡಿಗ್ರಿಯಲ್ಲಿ ಮುಳ್ಳು ಸುಮಾರು 97 ಪಿಎಸ್‌ಐ ತೋರಿಸುತ್ತದೆ, ತುಂಬಿ ತುಳುಕಿದರೂ ಅಷ್ಟೇ. ಎಂಜಿನ್ 1500 ಆರ್‌ಪಿಎಂನಲ್ಲಿ ಓಡುತ್ತಿರಬೇಕು, ಬ್ಲೋವರ್ ಪೂರ್ತಿ, ಬಾಗಿಲು ತೆರೆದಿರಬೇಕು. ಆರ್134ಎ ಎಂಬ ಎಸಿ ಗ್ಯಾಸ್ ಇರುವ ಕಾರಿನಲ್ಲಿ, ಹೊರಗೆ 35–40 ಡಿಗ್ರಿ ಇದ್ದಾಗ, ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ಬರುವ ಕಡೆ) 30ರಿಂದ 45, ಹೈ ಸೈಡ್ (ಕಂಪ್ರೆಸರಿನಿಂದ ಹೊರಡುವ ಕಡೆ) 200ರಿಂದ 270 ಪಿಎಸ್‌ಐ ಬಂದರೆ ಆರೋಗ್ಯ. ಎರಡೂ ಕಡಿಮೆ: ಗ್ಯಾಸ್ ಕಡಿಮೆ. ಎರಡೂ ಹೆಚ್ಚು: ಗ್ಯಾಸ್ ಜಾಸ್ತಿ, ಒಳಗೆ ಗಾಳಿ ಸೇರಿದೆ, ಇಲ್ಲವೇ ಫ್ಯಾನ್ ಸತ್ತಿದೆ. ಲೋ ಹೆಚ್ಚು, ಹೈ ಕಡಿಮೆ: ಕಂಪ್ರೆಸರ್ ಸವೆದಿದೆ. ಲೋ ಸೊನ್ನೆಗೆ ಅಥವಾ ಅದಕ್ಕೂ ಕೆಳಗೆ ಜಾರುತ್ತಿದ್ದರೆ, ಒಳಗಿನ ಕೂಲಿಂಗ್ ಕಾಯಿಲ್‌ಗೆ ಗ್ಯಾಸನ್ನು ಸಣ್ಣ ಕಿಂಡಿಯಿಂದ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್ ಕಟ್ಟಿಕೊಂಡಿದೆ, ಇಲ್ಲವೇ ನೀರಿನಂಶ ಅಲ್ಲಿ ಮಂಜಾಗಿ ಕೂತಿದೆ.

ನಿಮ್ಮ ಕಾರಿಗೆ ನಮ್ಮ ಸಲಹೆ: ಫ್ಯಾನ್ ಮತ್ತು ಕಂಡೆನ್ಸರ್ ಸರಿಮಾಡಿ, ನಂತರ ಇರುವ ಗ್ಯಾಸನ್ನೆಲ್ಲ ಯಂತ್ರದಲ್ಲಿ ಹೊರತೆಗೆಸಿ ತೂಕ ಮಾಡಿಸಿ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ಹಾಕಿಸಿ. ಸಣ್ಣ ಕಾರುಗಳಿಗೆ ಅದು ಹೆಚ್ಚಾಗಿ 350ರಿಂದ 500 ಗ್ರಾಂ ನಡುವೆ ಇರುತ್ತದೆ. ಇಷ್ಟು ಚಿಕ್ಕ ಲೆಕ್ಕದಲ್ಲಿ 50 ಗ್ರಾಂ ಆಚೀಚೆಯಾದರೂ ಕೂಲಿಂಗ್ ಇಳಿಯುತ್ತದೆ, ಅದನ್ನು ‘ಪೈಪ್ ಮುಟ್ಟಿ ನೋಡಿ’ ಅಂದಾಜಿಸುವವರಿಂದ ದೂರ ಇರಿ.

ಪ್ರಶ್ನೆ: ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುತ್ತೇನೆ. ಎರಡು-ಮೂರು ತಿಂಗಳಲ್ಲಿ ಮತ್ತೆ ಕೂಲಿಂಗ್ ಇಲ್ಲ. ‘ಗ್ಯಾಸ್ ಖರ್ಚಾಗುತ್ತದೆ ಸಾರ್’ ಎನ್ನುತ್ತಾರೆ. ನಿಜವೇ? ಲೀಕ್ ಎಲ್ಲಿದೆ ಎಂದು ಯಾರಿಗೂ ಸಿಗುತ್ತಿಲ್ಲ. — ಓದುಗರು, ಶಿವಮೊಗ್ಗ

ಉತ್ತರ: ಖರ್ಚಾಗುವುದಿಲ್ಲ. ಗ್ಯಾಸ್ ಸುಟ್ಟುಹೋಗುವ ಪೆಟ್ರೋಲ್ ಅಲ್ಲ, ಒಳಗೇ ಸುತ್ತುವ ವಸ್ತು. ರಬ್ಬರ್ ಹೋಸ್ ಮತ್ತು ಕಂಪ್ರೆಸರ್ ಶಾಫ್ಟ್ ಸೀಲ್ ಮೂಲಕ ವರ್ಷಕ್ಕೆ ಕೆಲವೇ ಗ್ರಾಂ ಜಿನುಗುವುದು ಸಹಜ. ಹೊಸ ಕಾರು ಅದನ್ನು ಸಹಿಸಿಕೊಂಡು ವರ್ಷಗಟ್ಟಲೆ ತಣ್ಣಗಿರುತ್ತದೆ. ಮೂರು ತಿಂಗಳಲ್ಲಿ ಖಾಲಿಯಾದರೆ ತೂತಿದೆ.

ಹುಡುಕುವುದಕ್ಕೆ ಒಂದು ಕ್ರಮವಿದೆ. ಗ್ಯಾಸ್ ಹೋಗುವಾಗ ಜೊತೆಗೆ ಎಣ್ಣೆಯನ್ನೂ ಎಳೆದೊಯ್ಯುತ್ತದೆ, ಆ ಎಣ್ಣೆಗೆ ಧೂಳು ಅಂಟುತ್ತದೆ. ಹಾಗಾಗಿ ಟಾರ್ಚ್ ಹಿಡಿದು ಮೊದಲು ಎಣ್ಣೆಗಪ್ಪಾದ ಜಾಗ ಹುಡುಕಿ: ಕಂಡೆನ್ಸರಿನ ಕೆಳಭಾಗ ಮತ್ತು ಕಲ್ಲು ಬಡಿದ ಕಡೆ, ಪೈಪುಗಳ ಜೋಡಣೆ, ಹೋಸ್‌ನ ಕ್ರಿಂಪ್ ಮಾಡಿದ ತುದಿ, ಕಂಪ್ರೆಸರಿನ ಪುಲ್ಲಿ ಹಿಂಭಾಗ. ಗ್ಯಾಸ್ ತುಂಬುವ ಎರಡು ಪಿನ್ ವಾಲ್ವ್‌ಗಳನ್ನು ಮರೆಯಲೇಬೇಡಿ. ಕ್ಯಾಪ್ ತೆಗೆದು ಸೋಪಿನ ನೀರಿನ ಒಂದು ಹನಿ ಬಿಡಿ, ಗುಳ್ಳೆ ಬಂದರೆ ಅಲ್ಲೇ ಉತ್ತರ. ಪಿನ್ ಬದಲಿಸುವುದು ಚಿಲ್ಲರೆ ಕೆಲಸ. ಆ ಪ್ಲಾಸ್ಟಿಕ್ ಕ್ಯಾಪ್ ಕೂಡ ಬರೀ ಧೂಳಿಗಲ್ಲ, ಒಳಗೆ ರಬ್ಬರ್ ರಿಂಗ್ ಇರುವ ಎರಡನೇ ಬಾಗಿಲು ಅದು. ಗ್ಯಾರೇಜಿನಲ್ಲಿ ಕಳೆದುಹೋದರೆ ಹೊಸತು ಹಾಕಿಸಿ.

ಇಷ್ಟಕ್ಕೂ ಸಿಗದಿದ್ದರೆ ಯುವಿ ಡೈ (ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ). ಸ್ವಲ್ಪವೇ ಡೈ ಹಾಕಿ, ಒಂದು ವಾರ ಓಡಿಸಿ, ಕತ್ತಲಲ್ಲಿ ಯುವಿ ಲೈಟ್ ಬಿಟ್ಟರೆ ಲೀಕ್ ಜಾಗ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಡೈ ಕಾಣದ ಒಂದೇ ಜಾಗ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್. ‘ಯಾರಿಗೂ ಸಿಗುತ್ತಿಲ್ಲ’ ಎಂದರೆ ನಮ್ಮ ಮೊದಲ ಅನುಮಾನ ಅದರ ಮೇಲೇ. ಎಂಜಿನ್ ಆಫ್ ಮಾಡಿ, ಕಿಟಕಿ ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರಿನ ಮೂತಿಯನ್ನು ಕಾಯಿಲ್‌ನ ನೀರು ಹೊರಹೋಗುವ ಪೈಪಿನ ಬಾಯಿಗೆ ಹಿಡಿಯಬೇಕು. ಆರ್134ಎ ಗಾಳಿಗಿಂತ ಭಾರ, ಕೆಳಗೆ ಇಳಿದು ಅಲ್ಲೇ ಸೇರಿರುತ್ತದೆ. ಆ ಪೈಪಿಂದ ತೊಟ್ಟಿಕ್ಕುವ ನೀರಿಗೆ ಯುವಿ ಲೈಟ್ ಬಿಟ್ಟಾಗ ಹೊಳೆದರೂ ಕಾಯಿಲ್ ತೂತಾಗಿದೆ ಎಂದೇ ಅರ್ಥ.

ಇನ್ನೊಂದು ದಾರಿ ನೈಟ್ರೋಜನ್. ವ್ಯವಸ್ಥೆಯನ್ನು ಖಾಲಿ ಮಾಡಿ, ರೆಗ್ಯುಲೇಟರ್ ಮೂಲಕ ಸುಮಾರು 150 ಪಿಎಸ್‌ಐ ಒಣ ನೈಟ್ರೋಜನ್ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಕಾಯಬೇಕು. ಟೈರಿಗೆ ಹಾಕುವ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರಿನಂಶವಿರುತ್ತದೆ. ‘ವ್ಯಾಕ್ಯೂಮ್ ಹಿಡಿದು ನಿಂತಿದೆ, ಲೀಕ್ ಇಲ್ಲ’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಪಂಪಿನಿಂದ ಒಳಗಿನ ಗಾಳಿ ಎಳೆದ ವ್ಯಾಕ್ಯೂಮ್‌ನಲ್ಲಿ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ 15 ಪಿಎಸ್‌ಐಗಿಂತ ಕಡಿಮೆ. ಕೆಲಸ ಮಾಡುವಾಗ ಅದೇ ಪೈಪಿನಲ್ಲಿ 200ರ ಮೇಲಿರುತ್ತದೆ. ವ್ಯಾಕ್ಯೂಮ್‌ನಲ್ಲಿ ಬಾಯಿ ಮುಚ್ಚಿಕೊಳ್ಳುವ ಸಣ್ಣ ತೂತು ಒತ್ತಡದಲ್ಲಿ ತೆರೆದುಕೊಳ್ಳುತ್ತದೆ.

ಲೀಕ್ ಸಿಕ್ಕ ಮೇಲೆ ಕೆಲಸ ಹೀಗಿರಬೇಕು. ಭಾಗ ಬದಲಿಸಿ. ಬಿಚ್ಚಿದ ಪ್ರತಿ ಜೋಡಣೆಗೂ ಆರ್134ಎಗೆ ಹೊಂದುವ ಹೊಸ ಓ ರಿಂಗ್ ಹಾಕಿ, ಎಸಿ ಎಣ್ಣೆ ಸವರಿಯೇ ಕೂರಿಸಿ. ಒಣ ರಿಂಗ್ ಬಿಗಿಯುವಾಗ ಹರಿಯುತ್ತದೆ. ತೇವ ಹೀರುವ ಡ್ರೈಯರ್ ಹೊಸತೇ ಆಗಬೇಕು. ಈಗಿನ ಹಲವು ಕಾರುಗಳಲ್ಲಿ ಅದು ಕಂಡೆನ್ಸರಿನ ಪಕ್ಕದ ಕೊಳವೆಯೊಳಗಿನ ಚಿಕ್ಕ ಚೀಲ, ಬದಲಿಸದೆ ಬಿಲ್ ಮಾಡುವುದು ಸುಲಭ, ಹಳೆಯದನ್ನು ತೋರಿಸಿ ಎಂದು ಕೇಳಿ. ಹೋದ ಎಣ್ಣೆ ಮತ್ತೆ ಹಾಕಬೇಕು: ಕಂಡೆನ್ಸರ್ ಬದಲಿಸಿದರೆ ಸಾಮಾನ್ಯವಾಗಿ 30–40 ಮಿ.ಲೀ., ಡ್ರೈಯರಿಗೆ 10–15 ಮಿ.ಲೀ., ಖಚಿತ ಅಳತೆ ಆಯಾ ಕಾರಿನ ಮ್ಯಾನ್ಯುಯಲ್‌ನಲ್ಲಿದೆ. ಪಿಎಜಿ ಎಂಬ ಎಸಿ ಎಣ್ಣೆಯಲ್ಲಿ 46 (ತೆಳು) ಬೇಕಾದ ಕಡೆ 100 (ದಪ್ಪ) ಹಾಕಬಾರದು. ಪಿಎಜಿ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ತಿಂಗಳಿಂದ ಬಾಯಿ ತೆರೆದಿಟ್ಟ ಡಬ್ಬಿಯದು ಬೇಡ.

ನಂತರ ಕನಿಷ್ಠ 30 ನಿಮಿಷ ವ್ಯಾಕ್ಯೂಮ್ ಪಂಪ್ ಓಡಬೇಕು. ಒಳಗಿನ ನೀರು ಆವಿಯಾಗಿ ಹೊರಬರುವುದಕ್ಕೆ ಅಷ್ಟು ಹೊತ್ತು ಬೇಕು. ಮಳೆಗಾಲವಾದರೆ ಮುಕ್ಕಾಲು ಗಂಟೆ. ಪಂಪ್ ನಿಲ್ಲಿಸಿ 15 ನಿಮಿಷ ಕಾದು, ಮುಳ್ಳು ಅಲ್ಲಾಡದಿದ್ದರೆ ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು ಗ್ಯಾಸ್ ಹಾಕಬೇಕು. ಎಂಜಿನ್ ಓಡುವಾಗ ಲೋ ಸೈಡಿನಿಂದ, ಕ್ಯಾನ್ ನೆಟ್ಟಗೆ ನಿಲ್ಲಿಸಿ, ಆವಿಯಾಗಿಯೇ. ಕ್ಯಾನ್ ತಲೆಕೆಳಗಾದರೆ ದ್ರವ ಕಂಪ್ರೆಸರಿಗೆ ನುಗ್ಗಿ ವಾಲ್ವ್ ಮುರಿಯಬಹುದು. ಎಂಜಿನ್ ಓಡುವಾಗ ಹೈ ಸೈಡ್ ವಾಲ್ವ್ ತೆರೆದರೆ ಒತ್ತಡ ಕ್ಯಾನಿನೊಳಗೆ ಹೊಕ್ಕು ಅದು ಒಡೆಯುತ್ತದೆ. ಆರ್134ಎ ಹೊರಗೆ ಸಿಡಿದಾಗ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು.

‘ಲೀಕ್ ಸೀಲರ್’ ಬೆರೆಸಿದ ಕ್ಯಾನ್ ಕೊಟ್ಟರೆ ಬೇಡ ಎನ್ನಿ. ಅದು ಎಕ್ಸ್‌ಪ್ಯಾನ್ಶನ್ ವಾಲ್ವ್‌ನಲ್ಲೂ, ಮುಂದೆ ನಿಮ್ಮ ಕಾರಿಗೆ ಹಚ್ಚುವ ರಿಕವರಿ ಯಂತ್ರದಲ್ಲೂ ಕೂತು ಹಾಳುಮಾಡುತ್ತದೆ. ತೀರಾ ಅಗ್ಗದ ಗ್ಯಾಸ್ ಬಗ್ಗೆಯೂ ಎಚ್ಚರ. ನಕಲಿ ಆರ್134ಎಯಲ್ಲಿ ಬೆಂಕಿ ಹಿಡಿಯುವ ಹೈಡ್ರೋಕಾರ್ಬನ್ ಅಥವಾ ಮೀಥೈಲ್ ಕ್ಲೋರೈಡ್ ಬೆರೆತಿರುವುದುಂಟು. ಮೀಥೈಲ್ ಕ್ಲೋರೈಡ್ ಅಲ್ಯುಮಿನಿಯಂ ಜೊತೆ ವರ್ತಿಸುತ್ತದೆ. 2011ರಲ್ಲಿ ಹಡಗಿನ ಶೈತ್ಯ ಕಂಟೇನರುಗಳು ಸ್ಫೋಟಿಸಿ ಕೆಲಸಗಾರರು ಸತ್ತದ್ದು ಇದೇ ಕಲಬೆರಕೆಯಿಂದ. ಮತ್ತೆ, ಹಳೆ ಗ್ಯಾಸನ್ನು ಪಿನ್ ಒತ್ತಿ ಗಾಳಿಗೆ ಬಿಡಲು ಒಪ್ಪಬೇಡಿ. ತೂಕಕ್ಕೆ ತೂಕ ನೋಡಿದರೆ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಪ್ರಶ್ನೆ: ಮೊದಲ ಅರ್ಧ ಗಂಟೆ ಭರ್ಜರಿ ತಂಪು. ಆಮೇಲೆ ಬ್ಲೋವರ್ ಸದ್ದು ಇದ್ದರೂ ಗಾಳಿ ಬರುವುದೇ ಕಡಿಮೆ. ಎಡಗಡೆ ಕಾಲಿಡುವ ಜಾಗದಲ್ಲಿ ನೀರು, ಜೊತೆಗೆ ವಾಸನೆ. — ಓದುಗರು, ಮಂಗಳೂರು

ಉತ್ತರ: ಎರಡು ಬೇರೆ ಬೇರೆ ದೋಷಗಳು ಒಟ್ಟಿಗೆ ಬಂದಿವೆ. ಗಾಳಿ ಕಟ್ಟುವುದು ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುವುದರಿಂದ. ಖಚಿತಪಡಿಸಿಕೊಳ್ಳಲು, ಗಾಳಿ ಇಳಿದ ತಕ್ಷಣ ಎಸಿ ಬಟನ್ ಮಾತ್ರ ಆರಿಸಿ ಬ್ಲೋವರ್ ಬಿಟ್ಟಿರಿ. ಹತ್ತು-ಹದಿನೈದು ನಿಮಿಷದಲ್ಲಿ ಗಾಳಿ ಮರಳಿ ಬಂದರೆ ಮಂಜೇ ಕಾರಣ.

ಮೊದಲು ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಅದು ಕಟ್ಟಿಕೊಂಡು ಗಾಳಿ ಕಡಿಮೆಯಾದರೂ ಕಾಯಿಲ್ ಹೆಪ್ಪುಗಟ್ಟುತ್ತದೆ. ಕರಾವಳಿಯ ತೇವದಲ್ಲಿ ಅದು ಬೇಗ ಕೊಳೆಯುತ್ತದೆ, ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೆ ಬದಲಿಸಿ, ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೆ. ಫಿಲ್ಟರ್ ಇಲ್ಲದೆಯೂ ಮಂಜು ಕಟ್ಟಿದರೆ ಕಾಯಿಲ್‌ನ ರೆಕ್ಕೆಗೆ ಸಿಕ್ಕಿಸಿರುವ ಸೆನ್ಸರ್ ಮೇಲೆ ಅನುಮಾನ. ಕಾಯಿಲ್ ಸೊನ್ನೆ ಡಿಗ್ರಿಗೆ ಹತ್ತಿರವಾದಾಗ ಕಂಪ್ರೆಸರ್ ನಿಲ್ಲಿಸಬೇಕಾದ್ದು ಅದು. ಕೆಟ್ಟಿರಬಹುದು, ಇಲ್ಲವೇ ಹಿಂದೆ ಕಾಯಿಲ್ ಸರ್ವಿಸ್ ಮಾಡಿದವರು ತಪ್ಪು ಜಾಗಕ್ಕೆ ಚುಚ್ಚಿರಬಹುದು. ಗ್ಯಾಸ್ ತುಸು ಕಡಿಮೆಯಾದಾಗಲೂ ಕಾಯಿಲ್‌ನ ಒಂದು ಮೂಲೆ ಮಾತ್ರ ಹೆಪ್ಪುಗಟ್ಟುವುದುಂಟು.

ನೀರು ಒಳಗೆ ಬೀಳುವುದು ಡ್ರೈನ್ ಪೈಪ್ ಕಟ್ಟಿಕೊಂಡಿರುವುದರಿಂದ. ಎಂಜಿನ್ ಕಡೆ, ಎಡಭಾಗದ ಗೋಡೆಯ ಕೆಳಗೆ ಮಡಚಿದ ಸಣ್ಣ ರಬ್ಬರ್ ಪೈಪ್ ಕಾಣುತ್ತದೆ. ಮೃದುವಾದ ಕೇಬಲ್ ಟೈ ತೂರಿಸಿ ನಿಧಾನ ಆಡಿಸಿ. ಜೋರು ಗಾಳಿ ಊದಿದರೆ ಪೈಪ್ ಒಳಗಿನ ಜೋಡಣೆಯಿಂದ ಕಳಚಿಕೊಳ್ಳಬಹುದು. ವಾಸನೆಗೆ ಸುಗಂಧದ ಡಬ್ಬಿ ತೂಗುಹಾಕುವುದು ಪರಿಹಾರವಲ್ಲ. ಕಾಯಿಲ್ ಕ್ಲೀನರ್ ಫೋಮ್ ಹಾಕಿ ತೊಳೆಸಿ, ಮುಂದೆ ಮನೆ ತಲುಪುವ ಎರಡು-ಮೂರು ನಿಮಿಷ ಮೊದಲು ಎಸಿ ಆರಿಸಿ ಬ್ಲೋವರ್‌ನಿಂದ ಕಾಯಿಲ್ ಒಣಗಿಸಿ. ಇನ್ನೊಂದು: ಕಡಲ ಉಪ್ಪಿಗೆ ಕಂಡೆನ್ಸರ್ ರೆಕ್ಕೆಗಳು ಪುಡಿಪುಡಿಯಾಗುತ್ತವೆ, ಬೆರಳಿಗೆ ಬಿಳಿ ಹುಡಿ ಹತ್ತಿದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ.

ಪ್ರಶ್ನೆ: ಗೇಜ್ ರೀಡಿಂಗ್ ಎಲ್ಲ ಸರಿ ಎನ್ನುತ್ತಾರೆ. ಎಂಜಿನ್ ಕಡೆಯ ದಪ್ಪ ಪೈಪ್ ಮುಟ್ಟಿದರೆ ಐಸಿನಂತಿದೆ. ಒಳಗೆ ಮಾತ್ರ ಸಾಧಾರಣ ಗಾಳಿ. — ಓದುಗರು, ಬೆಂಗಳೂರು

ಉತ್ತರ: ಎಸಿ ತಣಿಸುತ್ತಿದೆ, ಹೀಟರ್ ಅದನ್ನೇ ಕಾಯಿಸುತ್ತಿದೆ. ಡ್ಯಾಶ್‌ಬೋರ್ಡ್ ಒಳಗೆ ತಂಪು-ಬಿಸಿ ಗಾಳಿ ಬೆರೆಸುವ ಬಾಗಿಲಿನಂಥ ಪಟ್ಟಿ ಪೂರ್ತಿ ಮುಚ್ಚುತ್ತಿಲ್ಲ. ಹೀಟರಿಗೆ ಹೋಗುವ ರಬ್ಬರ್ ಹೋಸನ್ನು ಹೋಸ್ ಕ್ಲಾಂಪ್‌ನಿಂದ ಐದು ನಿಮಿಷ ಒತ್ತಿ ಹಿಡಿಸಿ (ಇಕ್ಕಳ ಬೇಡ, ಹೋಸ್ ಹರಿಯುತ್ತದೆ). ಗಾಳಿ ತಣ್ಣಗಾದರೆ ಇದೇ ದೋಷ. ನಾಬ್ ಇರುವ ಕಾರಿನಲ್ಲಿ ಕೇಬಲ್ ಕ್ಲಿಪ್ಪಿನಿಂದ ಜಾರಿರುತ್ತದೆ, ಆಟೋಮ್ಯಾಟಿಕ್ ಎಸಿಯಲ್ಲಿ ಪಟ್ಟಿ ತಿರುಗಿಸುವ ಮೋಟಾರಿನ ಹಲ್ಲು ಮುರಿದಿರುತ್ತದೆ. ಗ್ಯಾಸಿಗೆ ಒಂದು ಪೈಸೆಯೂ ಕೊಡಬೇಡಿ.

ಪ್ರಶ್ನೆ: ಇಪ್ಪತ್ತು ನಿಮಿಷ ಓಡಿದ ಮೇಲೆ ಕಂಪ್ರೆಸರ್ ನಿಂತುಬಿಡುತ್ತದೆ. ಎಂಜಿನ್ ತಣಿದ ಮೇಲೆ ಮತ್ತೆ ಸರಿ. ಕಂಪ್ರೆಸರ್ ಪೂರ್ತಿ ಬದಲಿಸಬೇಕು ಎನ್ನುತ್ತಿದ್ದಾರೆ. — ಓದುಗರು, ಹುಬ್ಬಳ್ಳಿ

ಉತ್ತರ: ಅವಸರ ಬೇಡ. ನಿಂತ ಹೊತ್ತಿನಲ್ಲೇ, ಕಂಪ್ರೆಸರನ್ನು ಪುಲ್ಲಿಗೆ ಜೋಡಿಸುವ ಮ್ಯಾಗ್ನೆಟ್ ಕ್ಲಚ್‌ನ ವೈರಿಗೆ ಮೀಟರ್ ಹಿಡಿಸಿ. 12 ವೋಲ್ಟ್ ಬರುತ್ತಿದ್ದೂ ಮುಂದಿನ ಪ್ಲೇಟ್ ಎಳೆದುಕೊಳ್ಳದಿದ್ದರೆ ಕ್ಲಚ್ ಸಂದು ಸವೆದು ಹಿಗ್ಗಿದೆ. ಕ್ಲಚ್ ಕಾಯಿಲ್ ಬಿಸಿಯಾದಾಗ ಅದರ ಎಳೆತ ಇಳಿಯುತ್ತದೆ, ದೊಡ್ಡ ಸಂದನ್ನು ದಾಟಿ ಪ್ಲೇಟ್ ಹಿಡಿಯಲಾಗುವುದಿಲ್ಲ. ಎಂಜಿನ್ ಆಫ್ ಮಾಡಿ ಫೀಲರ್ ಗೇಜ್‌ನಿಂದ ಮೂರು ಕಡೆ ಅಳೆಯಿರಿ. ಬಹಳಷ್ಟು ಕಾರುಗಳಿಗೆ 0.3ರಿಂದ 0.6 ಮಿ.ಮೀ. ಇರಬೇಕು. 0.8 ದಾಟಿದ್ದರೆ ಪ್ಲೇಟ್ ಬಿಚ್ಚಿ ಅದರ ಹಿಂದಿನ ತೆಳು ಶಿಮ್ (ಲೋಹದ ಬಿಲ್ಲೆ) ಒಂದನ್ನು ತೆಗೆದರೆ ಎಷ್ಟೋ ಸಲ ಕಂಪ್ರೆಸರ್ ಖರ್ಚು ಉಳಿಯುತ್ತದೆ. ಕ್ಲಚ್ ಕಾಯಿಲ್‌ನ ರೆಸಿಸ್ಟೆನ್ಸ್ 3ರಿಂದ 5 ಓಮ್ ಆಸುಪಾಸು ಇರಬೇಕು.

12 ವೋಲ್ಟೇ ಬರುತ್ತಿಲ್ಲವೆಂದರೆ ದಾರಿ ಬೇರೆ: ರಿಲೇ, ಪ್ರೆಶರ್ ಸ್ವಿಚ್, ಇಲ್ಲವೇ ಎಂಜಿನ್ ಅತಿಯಾಗಿ ಬಿಸಿಯಾಗಿ ಇಸಿಯು (ಎಂಜಿನ್ ಕಂಪ್ಯೂಟರ್) ಎಸಿ ಕಡಿದಿದೆ. ಪ್ರೆಶರ್ ಸ್ವಿಚ್ ಸಾಮಾನ್ಯವಾಗಿ 28 ಪಿಎಸ್‌ಐ ಕೆಳಗೆ ಮತ್ತು 450ರ ಮೇಲೆ ಕಂಪ್ರೆಸರ್ ನಿಲ್ಲಿಸುತ್ತದೆ. ಅದನ್ನು ಶಾರ್ಟ್ ಮಾಡಿ ಓಡಿಸುವ ‘ಜುಗಾಡ್’ ಕಂಪ್ರೆಸರನ್ನು ನಿಜವಾಗಿಯೂ ಕೊಲ್ಲುತ್ತದೆ. ಕಂಪ್ರೆಸರ್ ಜಾಮ್ ಆಗಿ ಲೋಹದ ಪುಡಿ ಹರಡಿದ್ದರೆ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪ್ಯಾನ್ಶನ್ ವಾಲ್ವ್ ಮೂರನ್ನೂ ಬದಲಿಸದೆ ಹೊಸ ಕಂಪ್ರೆಸರ್ ಹಾಕಿಸಬೇಡಿ. ಈಗಿನ ಕಂಡೆನ್ಸರಿನ ಕೂದಲೆಳೆ ಕೊಳವೆಗಳನ್ನು ಫ್ಲಶ್ ಮಾಡಿ ಶುದ್ಧ ಮಾಡಲಾಗದು.

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ. ನನ್ನ 2018ರ ಕಾರಿಗೆ 1234ವೈಎಫ್ ಗ್ಯಾಸ್ ತುಂಬಾ ದುಬಾರಿ. ಅಗ್ಗದ 134ಎ ಹಾಕಬಹುದೇ? — ಓದುಗರು, ಮ್ಯೂನಿಕ್

ಉತ್ತರ: ಬೇಡ. 2017ರ ಜನವರಿಯಿಂದ ಐರೋಪ್ಯ ಒಕ್ಕೂಟದಲ್ಲಿ ಮಾರುವ ಹೊಸ ಕಾರುಗಳ ಗ್ಯಾಸಿನ ತಾಪಮಾನ ಸೂಚ್ಯಂಕ (ಇಂಗಾಲದ ಡೈ ಆಕ್ಸೈಡ್‌ಗಿಂತ ಎಷ್ಟು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ ಎಂಬ ಲೆಕ್ಕ) 150ರ ಒಳಗಿರಬೇಕು. 134ಎ ಅದನ್ನು ದೂರದಿಂದಲೂ ಮುಟ್ಟುವುದಿಲ್ಲ. ಪಿನ್ ವಾಲ್ವ್‌ಗಳ ಆಕಾರವನ್ನೇ ಬೇರೆ ಮಾಡಿದ್ದಾರೆ. ಅಡಾಪ್ಟರ್ ಹಾಕಿ ಬೆರೆಸಿದರೆ ಮುಂದೆ ಯಾವ ವರ್ಕ್‌ಶಾಪಿನ ಯಂತ್ರವೂ ನಿಮ್ಮ ಕಾರನ್ನು ಮುಟ್ಟಲಾರದು. ದುಬಾರಿ ಗ್ಯಾಸ್ ಆದ್ದರಿಂದಲೇ ಲೀಕ್ ಹುಡುಕಲು ಮೊದಲು ದುಡ್ಡು ಹಾಕಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೆ ಬೀದಿ ಬದಿಯ ಎಸಿ ಅಂಗಡಿಯಲ್ಲಿ ಗ್ಯಾಸ್ ಹಾಕಿಸಬಹುದೇ? — ಓದುಗರು, ಮೈಸೂರು

ಉತ್ತರ: ಅವರ ಗೇಜ್ ಪೈಪಿನಲ್ಲಿ ಉಳಿದಿರುವ ಪಿಎಜಿ ಎಣ್ಣೆಯೇ ಅಪಾಯ. ಎಲೆಕ್ಟ್ರಿಕ್ ಕಂಪ್ರೆಸರಿನ ಮೋಟಾರ್ ಸುತ್ತುಗಳು ಗ್ಯಾಸ್ ಮತ್ತು ಎಣ್ಣೆಯಲ್ಲೇ ಮುಳುಗಿರುತ್ತವೆ, ಅದಕ್ಕೆ ವಿದ್ಯುತ್ ಹರಿಸದ ಪಿಒಇ ಎಣ್ಣೆ ಬೇಕು. ಪಿಎಜಿ ಸ್ವಲ್ಪ ಬೆರೆತರೂ ಇನ್ಸುಲೇಶನ್ ಇಳಿದು ಕಾರು ದೋಷ ತೋರಿಸಿ ಹೈವೋಲ್ಟೇಜ್ ಕಡಿಯಬಹುದು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ ಎಂಬುದು ಬೇರೆ. ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ತಣಿಸುವುದೂ ಇದೇ ಗ್ಯಾಸ್. ಹಾಗಾಗಿ ಎಸಿ ದುರ್ಬಲವಾದರೆ ಫಾಸ್ಟ್ ಚಾರ್ಜಿಂಗ್ ಕೂಡ ನಿಧಾನವಾಗಬಹುದು.

ಪ್ರಶ್ನೆ: ನಮ್ಮ ಊರಲ್ಲಿ ಆರು ತಿಂಗಳು ಎಸಿ ಬೇಕಾಗುವುದೇ ಇಲ್ಲ. ಹಾಗೇ ಬಿಡಬಹುದೇ? — ಓದುಗರು, ಮಡಿಕೇರಿ

ಉತ್ತರ: ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ. ಕಂಪ್ರೆಸರ್ ಶಾಫ್ಟ್ ಸೀಲಿಗೆ ಎಣ್ಣೆ ತಲುಪುವುದು ಗ್ಯಾಸ್ ಸುತ್ತಿದಾಗ ಮಾತ್ರ. ಒಣಗಿದ ಸೀಲ್ ಬೇಸಿಗೆಯ ಮೊದಲ ದಿನವೇ ಜಿನುಗಲು ಶುರು ಮಾಡುತ್ತದೆ. ಹೇಗೂ ನಿಮ್ಮ ಮಳೆಯಲ್ಲಿ ಮುಂದಿನ ಗಾಜು ಮಂಜಾಗುತ್ತದಲ್ಲ, ಆಗ ಎಸಿ ಜೊತೆ ಹೀಟರನ್ನೂ ಹಾಕಿ ಗಾಜಿನ ಕಡೆಗೆ ತಿರುಗಿಸಿ. ಎಸಿ ತೇವ ಹಿಂಡುತ್ತದೆ, ಹೀಟರ್ ಬೆಚ್ಚಗಿಡುತ್ತದೆ, ಗಾಜು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ.